ಕಲ್ಲಿನ ಬಳೆ, ಕಾಡಿನ ನಕ್ಷೆ

ಕೊಳ್ಳೇಗಾಲದ ಕಾಲೇಜೊಂದರ ಉಪನ್ಯಾಸಕರಿಗೂ, ಅದೇ ಊರಿನಲ್ಲಿ ಬಹುಕಾಲ ರೇಷ್ಮೆಯ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ಮಕ್ಕಳಿಗೊಪ್ಪಿಸಿರುವ ವರ್ತಕರೊಬ್ಬರಿಗೂ ಯಳಂದೂರಿನ ಗೌರೀಶ್ವರ ದೇವಾಲಯದ ಮುಂದೆ ನಡೆದ ಸಂಭಾಷಣೆ ಇದು.

ಉಪನ್ಯಾಸಕ: ಮೈಸೂರಿನಲ್ಲಿ ಓದುತ್ತಿದ್ದಾಗ ಪಾಠದ ಕೊಠಡಿಗಳು ನನಗೆ ಕಲಿಸಿದ್ದಕ್ಕಿಂತ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ದಾರಿಗಳು ಕಲಿಸಿದ್ದೇ ಹೆಚ್ಚೆಂದು ಹೇಳಿದರೆ ಅದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕಬೇಡಿ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ, ಈಗ ಜಾನಪದ ವಸ್ತುಸಂಗ್ರಹಾಲಯಕ್ಕೆ ಆಶ್ರಯವಾಗಿರುವ ಜಯಲಕ್ಷ್ಮೀ ವಿಲಾಸದ ಕಂಬಸಾಲನ್ನು ನೋಡಿಕೊಂಡು ಹೊರಟು, ಮರಗಳ ನೆರಳನ್ನೇ ಹಿಡಿದು ನಡೆದು, ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿಗೆ ಬಂದು, ಅಲ್ಲಿ ಮರಗಳ ಮೇಲೆ ಕುಳಿತ ಹೆಜ್ಜಾರ್ಲೆಗಳನ್ನೂ ರೆಕ್ಕೆ ಬಿಚ್ಚಿ ಬಿಸಿಲಿಗೊಡ್ಡಿದ ನೀರುಕಾಗೆಗಳನ್ನೂ ಕಾಣುವ ಹೊತ್ತಿಗೆ, ಮನುಷ್ಯನು ಮಾಡಿದ್ದು ಯಾವುದು, ತಾನಾಗಿ ಆದದ್ದು ಯಾವುದು ಎಂಬ ಭೇದವೇ ಮನಸ್ಸಿನಿಂದ ಜಾರಿಹೋಗುತ್ತಿತ್ತು. ಆ ಆವರಣಕ್ಕೆ ಹೆಸರಿಟ್ಟ ಕುವೆಂಪುರವರೇ ಆ ಏರಿಯ ಮೇಲೆ ನಡೆದಾಡಿದವರಲ್ಲವೇ? ಅಂಥ ಒಂದು ನಡಿಗೆಯನ್ನು ನಮ್ಮ ಹುಡುಗರಿಗೂ ಕಲ್ಪಿಸಬೇಕೆಂಬುದು ನನ್ನ ಆಸೆ. ಒಂದು ಹಾಳೆಯಲ್ಲಿ ನಕ್ಷೆ, ನಿಲ್ಲತಕ್ಕ ಸ್ಥಳಗಳ ಗುರುತು, ಒಂದೊಂದಕ್ಕೂ ನಾಲ್ಕು ಸಾಲಿನ ವಿವರಣೆ. ಅದನ್ನು ಕೈಯಲ್ಲಿ ಹಿಡಿದವನು ಯಾರ ಹಂಗೂ ಇಲ್ಲದೆ ತಾನೇ ನಡೆದು, ತಾನೇ ನೋಡಿ, ತಾನೇ ತಿಳಿಯಬೇಕು.

ವರ್ತಕ: ಆಸೆಯೇನೋ ಒಳ್ಳೆಯದೇ. ಆದರೆ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ವಿಶ್ವವಿದ್ಯಾನಿಲಯದ ಆವರಣವೆಲ್ಲಿದೆ? ಚಾಮರಾಜನಗರದ ಸುವರ್ಣಗಂಗೋತ್ರಿಯಿದೆ ಎನ್ನುತ್ತೀರೋ ಏನೋ. ಅದು ಇನ್ನೂ ಎಳೆಯ ಆವರಣ, ಅಲ್ಲದೆ ನಮಗೆ ದೂರ.

ಉಪನ್ಯಾಸಕ: ನಾವು ಈಗ ಕುಳಿತಿರುವುದೇ ಆ ಆವರಣವೆಂದು ಇಟ್ಟುಕೊಳ್ಳೋಣ. ಇಲ್ಲಿಂದ ಹೊರಟು ಬಿಳಿಗಿರಿರಂಗನ ಬೆಟ್ಟದ ನೆತ್ತಿಯವರೆಗಿನ ದಾರಿಯನ್ನು ಒಂದು ವಿದ್ಯಾಲಯದ ಬೀದಿಯೆಂದು ಎಣಿಸಿದರೆ ಕಲೆಗೆ ಈ ಗುಡಿಯ ಬಳೆಮಂಟಪವಿದೆ, ಇತಿಹಾಸಕ್ಕೆ ದಿವಾನ್ ಪೂರ್ಣಯ್ಯನವರ ವಂಶದ ಜಹಗೀರದಾರರ ಬಂಗಲೆಯಿದೆ, ನೀರಿಗೆ ಸುವರ್ಣಾವತಿಯಿದೆ, ನಿಸರ್ಗಕ್ಕೆ ಬೆಟ್ಟವೇ ಇದೆ. ಸಾಹಿತ್ಯವೂ ಬೇಕೆಂದರೆ ಸಂಚಿ ಹೊನ್ನಮ್ಮ ಈ ಊರಿನವಳು; ರಾಜಶೇಖರವಿಳಾಸವನ್ನು ಬರೆದ ಷಡಕ್ಷರದೇವ ಈ ಊರಿನ ಮಠದಲ್ಲಿದ್ದವನು. ಇಷ್ಟು ಸಣ್ಣ ತಾಲ್ಲೂಕಿನಲ್ಲಿ ಇಷ್ಟೆಲ್ಲ ಒಂದೆಡೆ ಕೂಡಿರುವಾಗ ನಾವು ಹುಡುಗರನ್ನು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ತುಂಬಿಕೊಂಡು ಹೊರಜಿಲ್ಲೆಗಳ ಪ್ರೇಕ್ಷಣೀಯ ಸ್ಥಳಗಳಿಗೆ ಕರೆದೊಯ್ಯುತ್ತೇವೆ.

ವರ್ತಕ: ಅದಕ್ಕೂ ಒಂದು ಕಾರಣವುಂಟು. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು. ಯಳಂದೂರು ಮೈಸೂರು ಸಂಸ್ಥಾನದ್ದು, ಅದರಲ್ಲಿಯೂ 1807ರಲ್ಲಿ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ಒಂದು ಹೊತ್ತಿನ ಗಾಡಿಯ ದಾರಿಯಷ್ಟು ಹತ್ತಿರವಿದ್ದರೂ ನಮ್ಮ ತಂದೆಯವರ ಕಾಲದವರಿಗೆ ಇದು ಪರಸೀಮೆ. ನೆಂಟಸ್ತನಕ್ಕೆ ಗಡಿಯಿರಲಿಲ್ಲ, ಮಾತಿಗೂ ಇರಲಿಲ್ಲ. ಆದರೆ ಬೇರೆಯವರ ಸೀಮೆಯಲ್ಲಿರುವ ಗುಡಿಯನ್ನು ನಮ್ಮದೆಂದು ಹೇಳಿಕೊಳ್ಳುವ ಸಲಿಗೆ ಬೇಗ ಬರಲಾರದು. ಅದು ಹಾಗಿರಲಿ. ನಿಮ್ಮ ಹಾಳೆಯ ವಿಚಾರದಲ್ಲಿಯೇ ನನಗೊಂದು ಆಕ್ಷೇಪಣೆಯಿದೆ. ಬರೆದದ್ದು ಎದುರಿಗಿದ್ದರೆ ಮನುಷ್ಯನು ಬರೆದದ್ದನ್ನು ಓದುತ್ತಾನೆಯೇ ಹೊರತು ಕಲ್ಲನ್ನು ನೋಡುವುದಿಲ್ಲ. ಈ ಬಾಗಿಲಿಗೆ ಬಂದವರನ್ನು ಗಮನಿಸಿ: ಫಲಕವಿದ್ದರೆ ಅದರ ಮುಂದೆ ಎರಡು ನಿಮಿಷ, ಮಂಟಪದ ಮುಂದೆ ಅರ್ಧ ನಿಮಿಷ, ಉಳಿದದ್ದೆಲ್ಲ ಮೊಬೈಲಿನಲ್ಲಿ ತಮ್ಮ ಮುಖವನ್ನೇ ಹಿಡಿದುಕೊಳ್ಳುವುದಕ್ಕೆ.

ಉಪನ್ಯಾಸಕ: ಹಾಗಾದರೆ ಏನೂ ತಿಳಿಯದೆ ಬಂದವನು ಏನನ್ನು ನೋಡಬೇಕು? ಅಂಧಕಾಸುರನ ವಧೆಯನ್ನು ಕೇಳಿಯೇ ಇರದ ಹುಡುಗನಿಗೆ ಶೂಲದ ತುದಿಯಲ್ಲಿರುವ ಆಕೃತಿ ಯಾರದೆಂದು ಹೊಳೆಯುವ ಬಗೆ ಹೇಗೆ? ಈ ಮಹಾದ್ವಾರದ ಗೋಡೆಯ ಮೇಲೆ ಭೈರವನಿದ್ದಾನೆ, ದಕ್ಷಿಣಾಮೂರ್ತಿಯಿದ್ದಾನೆ, ಶಿವಾಲಯದ ಬಾಗಿಲೇ ಆದರೂ ನರಸಿಂಹನಿದ್ದಾನೆ, ಕಾಳಿಯನ ಹೆಡೆಯ ಮೇಲೆ ಕುಣಿಯುವ ಕೃಷ್ಣನಿದ್ದಾನೆ, ವಾಲಿಸುಗ್ರೀವರ ಕಾಳಗವಿದೆ. ಹದಿನಾರನೆಯ ಶತಮಾನದ ನಡುಭಾಗದಲ್ಲಿ, ವಿಜಯನಗರಕ್ಕೆ ಅಧೀನನಾಗಿದ್ದ ಹದಿನಾಡಿನ ಪಾಳೆಯಗಾರ ಸಿಂಗದೇಪ ದೇವಭೂಪಾಲನು ಈ ದೇವಾಲಯವನ್ನು ಕಟ್ಟಿಸಿದನೆಂದೂ, ನೂರು ವರ್ಷಗಳ ಮೇಲೆ, 1654-55ರ ಸುಮಾರಿಗೆ, ಆ ವಂಶದ ಮುದ್ದುರಾಜನು ಮತ್ತೆ ಇಲ್ಲಿ ಕೆಲಸ ಮಾಡಿಸಿದನೆಂದೂ ಇತಿಹಾಸಜ್ಞರು ಹೇಳುತ್ತಾರೆ. ಇದನ್ನೆಲ್ಲ ಕಲ್ಲು ತಾನಾಗಿ ಹೇಳುವುದಿಲ್ಲ.

ವರ್ತಕ: ಹೇಳುವುದಿಲ್ಲ, ಒಪ್ಪಿದೆ. ಆದರೆ ಅದು ಹೇಳುವುದನ್ನು ಕೇಳಿದ ಮೇಲೆ ನೀವು ಹೇಳಿ. ಎದ್ದು ಬನ್ನಿ, ಈ ಮೂಲೆಗೆ ಬಂದು ಕತ್ತನ್ನೆತ್ತಿ ನೋಡಿ. ಚಾವಣಿಯ ಮೂಲೆಯಿಂದ ಇಳಿಬಿದ್ದಿರುವ ಆ ಕಲ್ಲಿನ ಉಂಗುರಗಳಿಗೇ ಅಲ್ಲವೇ ಜನ ಬಳೆಯೆಂದದ್ದು, ಅವುಗಳಿಂದಲೇ ಅಲ್ಲವೇ ಇದಕ್ಕೆ ಬಳೆಮಂಟಪವೆಂಬ ಹೆಸರಾದದ್ದು? ಈಗ ಹೇಳಿ, ಒಂದರೊಳಗೊಂದು ಸೇರಿಕೊಂಡಿರುವ ಆ ಬಳೆಗಳಲ್ಲಿ ಬೆಸುಗೆ ಎಲ್ಲಿದೆ?

ಉಪನ್ಯಾಸಕ: ಇಲ್ಲ. ಒಂದೇ ಕಲ್ಲಿನಲ್ಲಿ ಕೊರೆದದ್ದು.

ವರ್ತಕ: ಆ ಮಾತನ್ನು ಎಲ್ಲರೂ ಹೇಳುತ್ತಾರೆ, ಹೇಗೆ ಕೊರೆದರೆಂದು ಒಬ್ಬರೂ ನಿಂತು ಯೋಚಿಸುವುದಿಲ್ಲ. ನಾನು ಹಳೆಯ ಕಲ್ಲುಕುಟಿಗರೊಬ್ಬರನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ. ಮೊದಲು ಕಲ್ಲನ್ನು ಉದ್ದನೆಯ ದಿಂಡಾಗಿ ಸೀಳಿ, ಅದರ ನಾಲ್ಕು ಮೂಲೆಗಳನ್ನೂ ತೆಗೆದುಹಾಕಿ, ಕತ್ತರಿಸಿ ನೋಡಿದರೆ ಕೂಡುಚಿಹ್ನೆಯ ಹಾಗೆ ಕಾಣುವಂತೆ ನಾಲ್ಕು ಏಣುಗಳನ್ನು ಉಳಿಸಿಕೊಳ್ಳಬೇಕು. ಎದುರುಬದುರಾದ ಎರಡು ಏಣುಗಳ ಮೇಲೆ ಒಂದನೆಯ, ಮೂರನೆಯ, ಐದನೆಯ ಬಳೆಗಳ ಗುರುತು. ಅಡ್ಡಲಾದ ಇನ್ನೆರಡರ ಮೇಲೆ ಎರಡನೆಯ, ನಾಲ್ಕನೆಯ ಬಳೆಗಳ ಗುರುತು. ಆಮೇಲೆ ಬಳೆಯ ಹೊಟ್ಟೆಯನ್ನು ಕೊರೆಯಬೇಕು. ಹೊರಗಿನ ಆಕಾರವೆಲ್ಲ ತೀರಿದ ಮೇಲೂ ಒಂದು ಬಳೆ ಇನ್ನೊಂದಕ್ಕೆ ಒಳಗೆ ತೆಳ್ಳಗೆ ಅಂಟಿಕೊಂಡೇ ಇರುತ್ತದೆ. ಕೊನೆಯ ಆ ಅಂಟನ್ನು ಬಿಡಿಸುವಾಗ ಸುತ್ತಿಗೆಯ ಪೆಟ್ಟು ಜೋರಾದರೆ ತಿಂಗಳುಗಟ್ಟಲೆಯ ಕೆಲಸ ಚೂರಾಗುತ್ತದೆ. ಆದ್ದರಿಂದ ಅಲ್ಲಿ ಏಟು ಕಡಿಮೆ, ಉಜ್ಜುವುದೇ ಹೆಚ್ಚು. ಬಳೆ ಸಡಿಲಾಗಿ ಮೊದಲ ಸಲ ತೂಗಾಡಿದಾಗ ಆ ಶಿಲ್ಪಿಗೆ ಏನಾಗಿರಬೇಕೆಂಬುದನ್ನು ನಿಮ್ಮ ನಾಲ್ಕು ಸಾಲಿನಲ್ಲಿ ಬರೆಯಬಲ್ಲಿರಾ?

ಉಪನ್ಯಾಸಕ: ಕಂಚಿಯ ವರದರಾಜನ ಗುಡಿಯ ನೂರುಕಾಲು ಮಂಟಪದ ಮೂಲೆಗಳಲ್ಲಿಯೂ ಇಂಥ ಕಲ್ಲಿನ ಸರಪಣಿಗಳನ್ನು ನೋಡಿದ್ದೇನೆ. ಅಲ್ಲಿ ಜನಸಂದಣಿಯಲ್ಲಿ ಅದೊಂದು ಚಮತ್ಕಾರವೆಂದಷ್ಟೇ ತೋರಿತು. ನೀವು ಹೀಗೆ ಬಿಡಿಸಿ ಹೇಳಿದ ಮೇಲೆ ಅದು ಚಮತ್ಕಾರವೆಂಬ ಭಾವನೆ ಹೋಗಿ, ತಾಳ್ಮೆಯ ಲೆಕ್ಕವೆಂದು ಕಾಣುತ್ತಿದೆ.

ವರ್ತಕ: ರೇಷ್ಮೆಯ ಸೀರೆಯನ್ನು ಕೊಳ್ಳಬಂದವರಿಗೆ ನಾನು ಯಾವಾಗಲೂ ಸೆರಗಿನ ಬಲಮಗ್ಗುಲನ್ನು ತೋರಿಸದೆ ಮೊದಲು ಅದರ ಹಿಂಬದಿಯನ್ನು ತಿರುವಿ ತೋರಿಸುತ್ತಿದ್ದೆ, ನೂಲು ಎಲ್ಲಿ ದಾಟಿತು, ಎಲ್ಲಿ ತಿರುಗಿತು ಎಂಬುದನ್ನು ಕಂಡವನಿಗೆ ಬೆಲೆಯನ್ನು ನಾನು ಹೇಳಬೇಕಾಗಿರಲಿಲ್ಲ. ನಿಮ್ಮ ಹಾಳೆ ಕೂಡ ಹಿಂಬದಿಯನ್ನು ತೋರಿಸುವುದಾದರೆ ಬರೆಯಿರಿ. ಯಾವ ಶತಮಾನ, ಯಾವ ವಂಶ, ಯಾವ ಶೈಲಿ ಎಂಬುದೆಲ್ಲ ಬಲಮಗ್ಗುಲು, ಪುಸ್ತಕದಂಗಡಿಯಲ್ಲಿ ಸಿಗುತ್ತದೆ.

ಉಪನ್ಯಾಸಕ: ಆದರೂ ಒಂದು ಮಾತು ಇತಿಹಾಸದ ಪರವಾಗಿ. ಮುದ್ದುರಾಜನ ಕಾಲದಲ್ಲಿ ಇಲ್ಲಿ ಉಳಿಯ ಸದ್ದು ಕೇಳುತ್ತಿದ್ದಿರಬಹುದಾದ ಆ ದಶಕದಲ್ಲಿಯೇ, ಹೆಚ್ಚುಕಡಮೆ ಇದೇ ಊರಿನಲ್ಲಿ, ಷಡಕ್ಷರದೇವನು ಚಂಪೂಕಾವ್ಯವನ್ನು ರಚಿಸುತ್ತಿದ್ದನು. ವಚನದ ಸರಳತೆಯನ್ನು ಬಲ್ಲ ಮತದಲ್ಲಿಯೇ ಹುಟ್ಟಿಯೂ ಅವನು ಹಳೆಯ ಮಾರ್ಗವನ್ನು ಹಿಡಿದು, ಶ್ಲೇಷೆಯ ಮೇಲೆ ಶ್ಲೇಷೆ, ಸಮಾಸದೊಳಗೆ ಸಮಾಸವೆಂಬಂತೆ ಪದಗಳನ್ನು ಕೋದನು. ಹೊರಗೆ ಒಂದರೊಳಗೊಂದು ಕೊಂಡಿಯಾದ ಕಲ್ಲು, ಒಳಗೆ ಒಂದರೊಳಗೊಂದು ಕೊಂಡಿಯಾದ ಮಾತು. ಒಂದು ಕಾಲದ ಅಭಿರುಚಿಯೆಂಬುದು ಇಂಥದ್ದೆಂದು ಹುಡುಗರಿಗೆ ತಿಳಿಯುವುದು ಇವೆರಡನ್ನೂ ಒಂದೇ ಬೆಳಗಿನಲ್ಲಿ ಕಂಡಾಗ. ಅದಕ್ಕೆ ಇಸವಿಯೂ ಬೇಕು, ವಂಶವೂ ಬೇಕು.

ವರ್ತಕ: ಈ ಮಾತು ಸರಿ. ಇದನ್ನು ಬರೆಯಿರಿ; ನಾನು ಸೋತೆ. ಗುಡಿಯ ಒಳಗನ್ನು ಕುರಿತೂ ಒಂದು ಸಾಲು ಬರೆಯಿರಿ. ಗೋಪುರವಿಲ್ಲದ ಈ ಗುಡಿಯಲ್ಲಿ ಬಾಗಿಲೇ ಎಲ್ಲ ಆಡಂಬರವನ್ನೂ ಹೊತ್ತುಕೊಂಡಿದೆ. ಅದನ್ನು ದಾಟಿ ಒಳಗೆ ಹೋದವನಿಗೆ ಲಿಂಗದ ಮುಂದೆ ನೋಡಲಿಕ್ಕೆ ಹೆಚ್ಚೇನೂ ಇಲ್ಲ. ಅದನ್ನು ಕೊರತೆಯೆಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕಣ್ಣಿಗೆ ಬೇಕಾದದ್ದನ್ನೆಲ್ಲ ಹೊಸ್ತಿಲ ಹೊರಗೇ ಕೊಟ್ಟು ಮುಗಿಸಿದ್ದಾನೆ, ಕಟ್ಟಿದವನು.

ಉಪನ್ಯಾಸಕ: ಬಯಲಿನಲ್ಲಿ ನಿಂತ ಶಿಲ್ಪಕ್ಕೊಂದು ಬೇರೆಯೇ ಬಾಳು ಇದೆಯೆಂದು ನನಗೆ ಶಾಂತಿನಿಕೇತನದಲ್ಲಿ ಅನ್ನಿಸಿತು. ರಾಮಕಿಂಕರ ಬೇಜ್ 1938ರಲ್ಲಿ ಮಾಡಿದ ಸಂತಾಲ ಕುಟುಂಬದ ಶಿಲ್ಪ ಅಲ್ಲಿ ಮರಗಳ ನಡುವೆ, ಆಕಾಶದ ಕೆಳಗೆ ನಿಂತಿತ್ತು. ಅಮೃತಶಿಲೆಯಲ್ಲ, ಕಂಚಲ್ಲ, ಸಿಮೆಂಟು ಮತ್ತು ಆ ನೆಲದ್ದೇ ಆದ ಕೆಮ್ಮಣ್ಣಿನ ಜಲ್ಲಿ. ಗಂಡ, ಹೆಂಡತಿ, ಮಗು, ನಾಯಿ. ಇದ್ದ ಬದ್ದ ಸಾಮಾನನ್ನು ಹೊತ್ತು ಕೂಲಿಯನ್ನರಸಿ ಹೊರಟವರು. ಅವರು ನಡೆಯುತ್ತಿರುವರು, ನೋಡುವವರೂ ನಡೆಯುತ್ತಿರುವರು. ಆ ಆವರಣದಲ್ಲಿ ಕಲೆಯೆಂಬುದು ದಾರಿಯಲ್ಲಿ ಎದುರಾದ ಪರಿಚಿತನಂತೆ. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಟ್ಟಿದ್ದರೆ ಆ ಕುಟುಂಬ ಎಲ್ಲಿಗೂ ಹೋಗುತ್ತಿರಲಿಲ್ಲ.

ವರ್ತಕ: ಬಂಗಾಳದವರೆಗೆ ಹೋಗಿ ಬಂದಿರಿ, ನಮ್ಮ ಹನೂರಿಗೆ ಬನ್ನಿ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೇಲೆ ಹಾದು, ತಾಳಬೆಟ್ಟದಲ್ಲಿ ಕಾಯಿ ಒಡೆದು, ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಜನ ಶಿವರಾತ್ರಿಯಲ್ಲಿ ಎಷ್ಟಿರುತ್ತಾರೆ, ನೋಡಿದ್ದೀರಿ. ಅವರ ಕೈಯಲ್ಲಿ ಯಾವ ನಕ್ಷೆಯಿದೆ? ಎಪ್ಪತ್ತೇಳು ಮಲೆಯ ಒಡೆಯನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಇರುಳಿಡೀ ಹಾಡುವುದನ್ನು ಚಿಕ್ಕಂದಿನಿಂದ ಕೇಳಿದವರಿಗೆ ದಾರಿಯ ಒಂದೊಂದು ಬಂಡೆಯೂ ಹಳ್ಳವೂ ಮೊದಲೇ ಪರಿಚಯ. ಇಲ್ಲಿ ಮಾದಪ್ಪ ಹುಲಿಯನ್ನೇರಿದ, ಇಲ್ಲಿ ಶ್ರವಣನೊಡನೆ ಹೋರಾಡಿದ, ಇಲ್ಲಿ ಸಂಕಮ್ಮನ ಮನೆ ಎಂದು ಹೇಳಿಕೊಡಲು ಬೇರೊಬ್ಬ ಬೇಕಿಲ್ಲ. ಚಿಕ್ಕಲ್ಲೂರಿನ ಜಾತ್ರೆಗೆ ಹೋಗುವ ನೀಲಗಾರರ ಒಕ್ಕಲಿನವರೂ ಹೀಗೆಯೇ, ಮಂಟೇಸ್ವಾಮಿಯ, ಸಿದ್ದಪ್ಪಾಜಿಯ ಕಥೆಯೊಳಗೇ ನಡೆದು ಹೋಗುವವರು. ನೀವು ತಾನಾಗಿ ನಡೆಯುವ ನಡಿಗೆಯೆಂದು ಹೊಸದಾಗಿ ಹೇಳುತ್ತಿರುವುದನ್ನು ಈ ಸೀಮೆಯವರು ಎಂದಿನಿಂದಲೋ ನಡೆದುಕೊಂಡು ಬಂದಿದ್ದಾರೆ. ಹಾಳೆ ಕಿವಿಯಲ್ಲಿತ್ತು, ಅಷ್ಟೆ.

ಉಪನ್ಯಾಸಕ: ಆ ಹಾಳೆ ಈಗಿನವರ ಕಿವಿಯಲ್ಲಿಲ್ಲ ಎಂಬುದೇ ನನ್ನ ಚಿಂತೆ. ಮಾದಪ್ಪನ ಬೆಟ್ಟಕ್ಕೆ ಬಸ್ಸಿನಲ್ಲಿ ಹೋದವನಿಗೆ ಆ ದಾರಿಯ ಆನೆತಲೆದಿಂಬವೆಂದರೆ ಬರಿಯ ಒಂದು ತಿರುವು. ಆದಕಾರಣವೇ ಕಾಗದದಲ್ಲಿ ಬರೆದುಕೊಡಬೇಕೆಂದು ನಾನು ಹೇಳುವುದು. ಇರಲಿ, ನನ್ನ ಯೋಜನೆಯ ಉತ್ತರಾರ್ಧಕ್ಕೆ ಬರುತ್ತೇನೆ. ಇಲ್ಲಿ ಮಂಟಪ ನೋಡಿದವರು ಯಳಂದೂರಿನಿಂದ ಸುಮಾರು ಇಪ್ಪತ್ತನಾಲ್ಕು ಕಿಲೋಮೀಟರು ಮೇಲೇರಿ ಬಿಳಿಗಿರಿಗೆ ಹೋಗಬೇಕು. ಬಿಳಿಯ ಬಂಡೆಯ ಅಂಚಿನಲ್ಲಿ ಐದು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿರುವ ರಂಗನಾಥನನ್ನು ನೋಡಿ, ಅಲ್ಲಿಂದ ಕಾಡಿನ ದಾರಿ ಹಿಡಿದು, ಭಾರ್ಗವಿ ಹೊಳೆಯ ದಡದ ದೊಡ್ಡಸಂಪಿಗೆಯವರೆಗೆ ನಡೆಯಬೇಕು. ಎರಡು ಸಾವಿರ ವರ್ಷದ ಮರವೆಂದು ಜನ ಹೇಳುತ್ತಾರೆ. ಅಷ್ಟು ವಯಸ್ಸಾಗಿರಲಿ, ಬಿಡಲಿ, ಆ ಬುಡದ ಮುಂದೆ ನಿಂತವನಿಗೆ ಅದು ಮರವೆಂದು ಹೇಳಲು ನಾಲಗೆ ತಡವರಿಸುತ್ತದೆ. ಒಂದೇ ಬುಡದಿಂದ ಹಲವು ಕಾಂಡಗಳು ಹೆಣೆದುಕೊಂಡು ಮೇಲೆದ್ದಿವೆ, ಬೇರುಗಳ ಸಂದಿನಲ್ಲಿ ಲಿಂಗದಾಕಾರದ ಕಲ್ಲುಗಳು ಸಾಲಾಗಿ ಕುಳಿತಿವೆ. ಬಳೆಮಂಟಪದಲ್ಲಿ ಕಲ್ಲು ಹೂವಾದದ್ದನ್ನು ಕಂಡವನು ಅಲ್ಲಿ ಮರ ಗುಡಿಯಾದದ್ದನ್ನು ಕಾಣಲಿ.

ವರ್ತಕ: ಮಾತು ಚೆನ್ನಾಗಿದೆ. ಹಾಳೆ ಹಿಡಿದು ಒಬ್ಬೊಬ್ಬರೇ ಹೊರಟ ನಿಮ್ಮ ಹುಡುಗರನ್ನು ಅರಣ್ಯ ಇಲಾಖೆಯವರು ಯಾವ ತಿರುವಿನಲ್ಲಿ ಹಿಡಿದು ವಾಪಸು ಕಳುಹಿಸುತ್ತಾರೆಂಬುದನ್ನೂ ನಕ್ಷೆಯಲ್ಲಿ ಗುರುತು ಹಾಕಿ. 1974ರಲ್ಲಿ ಅಭಯಾರಣ್ಯವಾದದ್ದು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಐನೂರ ಮೂವತ್ತೊಂಬತ್ತು ಚದರ ಕಿಲೋಮೀಟರಿನ ಆ ಕಾಡಿನಲ್ಲಿ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ಅಪ್ಪಣೆಯ ಮಾತೂ ಹಾಗಿರಲಿ. ಆನೆಗೆ ನಿಮ್ಮ ನಾಲ್ಕು ಸಾಲಿನ ವಿವರಣೆ ಓದಲು ಬಾರದು. ಕುಕ್ಕರಹಳ್ಳಿಯ ಏರಿಯ ಮೇಲೆ ಒಬ್ಬನೇ ನಡೆಯಬಹುದಾದದ್ದು ಏಕೆ? ಆ ನೀರಿಗೆ ಮನುಷ್ಯನು ಏರಿ ಕಟ್ಟಿದ್ದಾನೆ, ದಾರಿ ಮಾಡಿದ್ದಾನೆ, ಬೇಲಿ ಹಾಕಿದ್ದಾನೆ. ಅಲ್ಲಿ ನಿಸರ್ಗ ಅತಿಥಿ. ಬೆಟ್ಟದಲ್ಲಿ ನೀವು ಅತಿಥಿ. ಮನೆಯವರನ್ನು ಬಿಟ್ಟು ಒಳಮನೆಗೆ ನುಗ್ಗುವ ಅತಿಥಿಯನ್ನು ಏನೆನ್ನುತ್ತಾರೆ?

ಉಪನ್ಯಾಸಕ: ಮನೆಯವರೆಂದರೆ ಸೋಲಿಗರು ಎನ್ನುತ್ತೀರಿ.

ವರ್ತಕ: ಇನ್ನಾರು? ಬೆಟ್ಟದ ರಂಗನೇ ಅವರ ಮನೆಯ ಹೆಣ್ಣನ್ನು, ಕುಸುಮಾಲೆಯನ್ನು, ಕೈಹಿಡಿದು ಅವರಿಗೆ ಭಾವನಾದನೆಂದು ಅವರು ಹಾಡುತ್ತಾರೆ. ದೇವರೇ ನೆಂಟಸ್ತನ ಬೆಳಸಿ ಪ್ರವೇಶ ಪಡೆದ ಕಾಡಿಗೆ ಕಾಲೇಜಿನವರು ಹಾಳೆ ತೋರಿಸಿ ಪ್ರವೇಶ ಪಡೆಯುತ್ತಾರೆಯೇ?

ಉಪನ್ಯಾಸಕ: ಅವರ ವಿಚಾರವಾಗಿ ನನಗೆ ತಿಳಿದದ್ದನ್ನು ಹೇಳಿದರೆ ನಿಮ್ಮ ಮಾತಿಗೇ ಬಲ ಬರುವುದೆಂದು ಗೊತ್ತಿದ್ದರೂ ಹೇಳಿಬಿಡುತ್ತೇನೆ. ಈ ಶತಮಾನದ ಮೊದಲ ದಶಕದಲ್ಲಿ ಬೆಟ್ಟದಲ್ಲಿ ಕೆಲಸ ಮಾಡುತ್ತಿದ್ದ ಏಟ್ರೀ ಸಂಸ್ಥೆಯ ಸಂಶೋಧಕರೂ ಸೋಲಿಗರ ಹಿರಿಯರೂ ಜೊತೆಗೂಡಿ ಕಾಡನ್ನೆಲ್ಲ ನಡೆದು ಒಂದು ನಕ್ಷೆಯನ್ನು ಮಾಡಿದರು. ಸರ್ಕಾರದ ನಕ್ಷೆಯಲ್ಲಿ ಬರಿಯ ಹಸಿರು ಬಣ್ಣವಾಗಿದ್ದ ಕಡೆಗಳಲ್ಲಿ ನೂರಾರು ಹೆಸರುಗಳು ಮೂಡಿದವು. ಒಂದೊಂದು ಕುಲಕ್ಕೂ ಒಂದೊಂದು ಎಲ್ಲೆ. ಎಲ್ಲೆಯೊಳಗೆ ಆ ಕುಲದ ದೇವರು, ಮಾರಮ್ಮ, ವೀರು, ಹೋದ ಹಿರಿಯರನ್ನು ನೆನೆಯುವ ಕಲ್ಲುಗುಡಿ, ಅಬ್ಬಿ ಎಂಬ ನೀರಿನ ತಾಣ. ದೊಡ್ಡಸಂಪಿಗೆ ಪ್ರವಾಸಿಗಳಿಗೆ ಒಂದು ಮರವಾದರೆ ಅವರಿಗೆ ಆ ಹೆಣಿಗೆಯಲ್ಲಿ ಒಂದು ಗಂಟು. ಅದೇ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಿದ ವರ್ಷವೇ, ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಅವರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಗಳೂ ದೊರೆತವು. ಹುಲಿಯ ಕಾಡಿನೊಳಗೆ ಅಂಥ ಹಕ್ಕು ಪಡೆದವರು ದೇಶದಲ್ಲಿ ಅವರೇ ಮೊದಲಿಗರೆಂದು ಹೇಳುತ್ತಾರೆ.

ವರ್ತಕ: ಮತ್ತೆ? ನಕ್ಷೆ ಆಗಲೇ ಇದೆ. ನೀವು ಮಾಡಹೊರಟಿರುವುದನ್ನು ಅದರ ಯಜಮಾನರೇ ಮಾಡಿ ಮುಗಿಸಿದ್ದಾರೆ.

ಉಪನ್ಯಾಸಕ: ಅದರ ಜೊತೆಗೆ ತರಗು ಬೆಂಕಿಯ ಮಾತನ್ನೂ ಹೇಳಬೇಕು. ಬೇಸಗೆ ಬಲಿಯುವ ಮುನ್ನ ಉದುರಿದೆಲೆಗೆ ಸಣ್ಣ ಬೆಂಕಿಯನ್ನಿಟ್ಟು ನೆಲವನ್ನು ಚೊಕ್ಕಟ ಮಾಡುತ್ತಿದ್ದರಂತೆ. ಎಲೆ ಸುಡುತ್ತಿತ್ತು, ಮರ ಸುಡುತ್ತಿರಲಿಲ್ಲ. ಅಭಯಾರಣ್ಯವಾದ ಮೇಲೆ ಅದು ನಿಂತಿತು. ಈಗ ದಾರಿಯ ಎರಡು ಕಡೆಯೂ ಆಳುದ್ದ ಬೆಳೆದು ನಿಂತಿರುವ ಲಂಟಾನ ಹಬ್ಬಿದ್ದು ಆ ಬೆಂಕಿ ನಿಂತದ್ದರಿಂದಲೇ ಎಂದು ಸೋಲಿಗರು ವಾದಿಸುತ್ತಾರೆ. ಕಾಡನ್ನು ಅಳೆದು ನೋಡಿದ ಕೆಲವು ವಿಜ್ಞಾನಿಗಳೂ ಆ ವಾದವನ್ನು ಗೌರವದಿಂದ ಪರಿಗಣಿಸಿದ್ದಾರೆ. ನೆಲ್ಲಿಯ ಮರಕ್ಕೆ ಹತ್ತಿದ ಬಂದಳಿಕೆಯೂ ಹಾಗೆಯೇ ಹೆಚ್ಚಿತೆಂದು ಅವರ ದೂರು. ನಮ್ಮ ಹುಡುಗ ಆ ದಾರಿಯಲ್ಲಿ ಒಬ್ಬನೇ ನಡೆದರೆ ಲಂಟಾನದ ಹೂವನ್ನು ನೋಡಿ, ಆಹಾ, ಎಷ್ಟು ಬಣ್ಣ ಎಂದು ಬೆರಗಾಗಿ ಬರುತ್ತಾನೆ. ಸೋಲಿಗನೊಬ್ಬನು ಜೊತೆಯಲ್ಲಿದ್ದರೆ ಅದೇ ಪೊದೆಯನ್ನು ತೋರಿಸಿ, ಇದರ ಕೆಳಗೆ ಮೊದಲು ಯಾವ ಗೆಡ್ಡೆ ಸಿಗುತ್ತಿತ್ತು, ಯಾವ ಸೊಪ್ಪು ಸಿಗುತ್ತಿತ್ತು ಎಂದು ಹೇಳುತ್ತಾನೆ. ಈ ಮಾತು ಹೇಳುತ್ತ ಹೇಳುತ್ತ ನನ್ನ ಹಾಳೆಯನ್ನು ನಾನೇ ಹರಿದಂತಾಯಿತು.

ವರ್ತಕ: ಅರ್ಧ ಹರಿಯಿರಿ, ಪೂರ್ತಿ ಬೇಡ. ಕಲ್ಲಿಗೆ ಹಾಳೆಯಿರಲಿ, ಅದನ್ನು ಕೊರೆದವನು ಹೋಗಿ ಶತಮಾನಗಳಾದವು, ಅವನನ್ನು ಕರೆದು ಕೇಳುವಂತಿಲ್ಲ, ಆದ್ದರಿಂದ ಓದಿದವರು ಬರೆದುಕೊಡುವುದು ನ್ಯಾಯ. ಕಾಡನ್ನು ಬಲ್ಲವರು ಜೀವಂತವಾಗಿದ್ದಾರೆ, ತಮ್ಮ ಹಟ್ಟಿಗಳಾದ ಪೋಡುಗಳಲ್ಲಿ ಸಿಗುತ್ತಾರೆ. ಬದುಕಿರುವವನನ್ನು ಬದಿಗಿಟ್ಟು ಅವನ ವಿಚಾರವಾಗಿ ಕರಪತ್ರ ಹಂಚುವುದು ನನಗೆ ಅಷ್ಟಾಗಿ ಒಪ್ಪುವುದಿಲ್ಲ.

ಉಪನ್ಯಾಸಕ: ಹೊರಗಿನಿಂದ ಬಂದ ದೊಡ್ಡ ನಿಸರ್ಗಜ್ಞರೂ ಹಾಗೆಯೇ ಮಾಡಿದ್ದು. ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗಾಗಿ ಈ ಬೆಟ್ಟಸಾಲಿಗೂ ಬಂದಿದ್ದರು. ಹೊನ್ನಮೇಟಿಯ ಕಾಫಿ ತೋಟದ ಮಾರಿಸ್ ದೊರೆ ಬೇಟೆಗಾರನಾಗಿದ್ದೂ ವನ್ಯಜೀವಿಗಳ ರಕ್ಷಣೆಗೆ ನಿಂತವನು. ಇವರೆಲ್ಲರ ಮುಂದೆ ಕಾಡಿನಲ್ಲಿ ನಡೆದವರು ಈ ನೆಲದವರೇ ಆಗಿರಬೇಕಲ್ಲವೇ? ಪುಸ್ತಕದಲ್ಲಿ ಅವರ ಹೆಸರು ಮಾತ್ರ ಹುಡುಕಬೇಕು.

ವರ್ತಕ: ಅದಕ್ಕೇ ನಿಮ್ಮ ಹುಡುಗರು ಹೋದಾಗ ಕರೆದೊಯ್ದವರ ಹೆಸರನ್ನು ಮೊದಲು ಬರೆದುಕೊಳ್ಳಲಿ. ಬೆಟ್ಟದ ಮೇಲೆ ಎಲ್ಲಿ ಕಲೆಯಬೇಕೆಂದರೆ 1981ರಲ್ಲಿ ಡಾ. ಸುದರ್ಶನ್ ಅವರು ತೊಡಗಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವಿದೆ. ಆಸ್ಪತ್ರೆಯಿಂದ ಆರಂಭವಾಗಿ ಶಾಲೆಯಾಗಿ ಬೆಳೆದ ಆವರಣವದು. ಆ ಶಾಲೆಯಲ್ಲಿ ಓದಿದ ಸೋಲಿಗರ ಮಕ್ಕಳು ಈಗ ತಾವೇ ಕಲಿಸುವವರಾಗಿದ್ದಾರೆ, ಸಂಶೋಧಕರಾಗಿದ್ದಾರೆ. ನೀವು ವಿಶ್ವವಿದ್ಯಾನಿಲಯದ ಆವರಣ ಬೇಕೆಂದಿರಲ್ಲ, ಹೆಸರಿಗೆ ಅಲ್ಲದಿದ್ದರೂ ಗುಣಕ್ಕೆ ಅದೇ ಅದು.

ಉಪನ್ಯಾಸಕ: ಹಾಗಾದರೆ ವ್ಯವಸ್ಥೆ ಹೀಗಿರಲಿ. ಬೆಳಗ್ಗೆ ಯಳಂದೂರು. ಗೌರೀಶ್ವರನ ಮುಂದೆ ಹುಡುಗರನ್ನು ಬಿಟ್ಟುಬಿಡುವುದು; ಮೊದಲ ಒಂದು ಗಂಟೆ ಕೈಗೆ ಏನನ್ನೂ ಕೊಡದೆ, ತಮಗೆ ಕಂಡದ್ದನ್ನು ಅವರೇ ಬರೆದುಕೊಳ್ಳುವಂತೆ ಹೇಳುವುದು. ಆಮೇಲೆ ಹಾಳೆ ಕೊಡುವುದು. ತಾವು ಬರೆದದ್ದಕ್ಕೂ ಅದಕ್ಕೂ ಎಲ್ಲಿ ಸೇರುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ಅವರೇ ಹೋಲಿಸಲಿ. ಮರುವರ್ಷದ ಹಾಳೆಯನ್ನು ಅವರ ಬರಹದಿಂದಲೇ ತಿದ್ದುವುದು. ಆ ಬಳಿಕ ಜಹಗೀರದಾರರ ಬಂಗಲೆ, ಹೊಳೆಯ ದಡ.

ವರ್ತಕ: ಬಂಗಲೆಗೆ ಹೆಚ್ಚು ಹೊತ್ತು ಬೇಡ. ದೊಡ್ಡ ಮನೆಗಳನ್ನು ನೋಡಿ ನೋಡಿ ನಮ್ಮ ಜನಕ್ಕೆ ಕಟ್ಟಿಸಿದವನ ಹೆಸರು ನೆನಪಿರುತ್ತದೆ, ಕಟ್ಟಡದ ಕೆಲಸದವನು ನೆನಪಿರುವುದಿಲ್ಲ.

ಉಪನ್ಯಾಸಕ: ಮಧ್ಯಾಹ್ನಕ್ಕೆ ಬೆಟ್ಟ. ಅಲ್ಲಿ ಹಾಳೆಯಿಲ್ಲ. ಇಲಾಖೆಯ ಅಪ್ಪಣೆಯನ್ನು ಮುಂಚಿತವಾಗಿ ಪಡೆದು, ಸೋಲಿಗರ ಹಿರಿಯರೊಬ್ಬರನ್ನು ಗುರುವಿನ ಸ್ಥಾನದಲ್ಲಿಟ್ಟು, ಅತಿಥಿ ಉಪನ್ಯಾಸಕರಿಗೆ ಕೊಡತಕ್ಕ ಸಂಭಾವನೆಯನ್ನೇ ಅವರಿಗೂ ಕೊಟ್ಟು, ಅವರು ಎಷ್ಟು ದೂರ ಕರೆದೊಯ್ಯುತ್ತಾರೋ ಅಷ್ಟೇ ದೂರ. ದೊಡ್ಡಸಂಪಿಗೆ ಸಿಕ್ಕಿದರೆ ಸಿಗಲಿ, ಆ ದಿನ ಆನೆ ದಾರಿಯಲ್ಲಿದ್ದರೆ ಪೋಡಿನ ಜಗಲಿಯ ಮೇಲೆ ಕುಳಿತು ಹಾಡು ಕೇಳಿಬರುವುದು.

ವರ್ತಕ: ಸಂಭಾವನೆಯ ಮಾತಾಡಿದಿರಲ್ಲ, ಅದೊಂದಕ್ಕೆ ನಿಮ್ಮ ಯೋಜನೆಯನ್ನೆಲ್ಲ ಒಪ್ಪುತ್ತೇನೆ. ವ್ಯಾಪಾರದಲ್ಲಿ ತಲೆ ನೆರೆತವನ ಅನುಭವವಿದು: ಬಿಟ್ಟಿ ಪಡೆದ ವಿದ್ಯೆಯನ್ನು ಯಾರೂ ವಿದ್ಯೆಯೆಂದು ಎಣಿಸುವುದಿಲ್ಲ. ಇನ್ನೆರಡು ಷರತ್ತು. ಯಾವ ಮರಕ್ಕೂ ಮೊಳೆ ಹೊಡೆದು ಫಲಕ ಹಾಕಬೇಡಿ. ಹೆಸರು ಬೇಕಾದವನು ಕೇಳಿ ತಿಳಿಯಲಿ. ಮತ್ತೆ, ಆ ಬಳೆಗಳು ತೂಗಾಡುತ್ತವೆಯೋ ಇಲ್ಲವೋ ಎಂದು ಕೋಲಿನಿಂದ ತಿವಿದು ನೋಡುವ ಚಾಳಿ ನಮ್ಮಲ್ಲಿದೆ. ಮುನ್ನೂರು ವರ್ಷ ಗಾಳಿಮಳೆ ತಡೆದದ್ದು ಒಬ್ಬ ಹುಡುಗನ ಕುತೂಹಲವನ್ನು ತಡೆಯಲಾರದು. ನಿಮ್ಮ ನಾಲ್ಕು ಸಾಲಿನಲ್ಲಿ ಮೂರನ್ನು ಬೇಕಾದಂತೆ ಬರೆಯಿರಿ, ನಾಲ್ಕನೆಯ ಸಾಲು ಇದಕ್ಕಿರಲಿ.

ಉಪನ್ಯಾಸಕ: ಮುಟ್ಟಬೇಡಿ ಎಂದೇ?

ವರ್ತಕ: ಮುಟ್ಟಬೇಡಿ, ನಿಂತು ನೋಡಿ ಎಂದು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಮೇಷ್ಟ್ರುಗಳೆಲ್ಲರೂ ಈ ವರ್ಷದ ಪ್ರವಾಸದ ಹಣದಲ್ಲಿ ಒಂದು ದಿನದ ಖರ್ಚನ್ನು ಇದಕ್ಕೆ ತೆಗೆದಿಡಲಿ. ಕಡಿಮೆ ಬಿದ್ದರೆ ನನ್ನ ಅಂಗಡಿಗೆ ಬರಲಿ.